ತಾಲ್ಲೂಕಿಗೊಂದು ತಾಲೀಮಿನ ಕೋಣೆ

ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 1914ರಲ್ಲಿ ಹುಟ್ಟಿದ್ದು ಅದೇ ತಾಲ್ಲೂಕಿನ ದೇವರ ಹೊಸಪೇಟೆಯಲ್ಲಿ. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿಯವರು ತಾವು ಹಾಡಿದಲ್ಲೆಲ್ಲ ಒಯ್ದದ್ದು ಹಾನಗಲ್ಲ ಎಂಬ ಮನೆತನದ ಊರಿನ ಹೆಸರನ್ನು. ಅವರಿಗೆ ಮೊದಲು ಹಿಂದೂಸ್ತಾನಿ ಚೀಜುಗಳನ್ನು ಹೇಳಿಕೊಟ್ಟ ಕೃಷ್ಣಾಚಾರ್ಯರ ಅಡ್ಡಹೆಸರು ಹುಲಗೂರ; ಹುಲಗೂರು ಇರುವುದು ಶಿಗ್ಗಾವಿ ತಾಲ್ಲೂಕಿನಲ್ಲಿ. ಇಷ್ಟೆಲ್ಲ ಹೆಸರುಗಳನ್ನು ನಾಡಿಗೆ ಕೊಟ್ಟ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಸೀಮೆಯಲ್ಲಿ ಇವತ್ತು ಒಳ್ಳೆಯ ಕಂಠವಿರುವ ಹತ್ತು ವರ್ಷದ ಹುಡುಗಿಯೊಬ್ಬಳು ನುರಿತ ಗಾಯಕರೊಬ್ಬರ ಎದುರು ಕೂತು ಕಲಿಯಬೇಕೆಂದರೆ ಹುಬ್ಬಳ್ಳಿಗೋ ಧಾರವಾಡಕ್ಕೋ ಗದಗಕ್ಕೋ ಬಸ್ಸು ಹತ್ತಬೇಕು. ಊರಲ್ಲಿ ಕಲಿಸುವವರೇ ಇಲ್ಲ ಎಂದಲ್ಲ. ಭಜನೆ ಹೇಳಿಕೊಡುವವರಿದ್ದಾರೆ, ಪರೀಕ್ಷೆಗೆ ಕೂರಿಸುವವರಿದ್ದಾರೆ, ಅವರ ಶ್ರಮ ದೊಡ್ಡದು. ಆದರೆ ಬದುಕಿಡೀ ವೇದಿಕೆಯ ಮೇಲೆ ಹಾಡಿದವರು ಬಹುಪಾಲು ಪಟ್ಟಣಗಳಲ್ಲಿ ನೆಲೆಸಿದ್ದಾರೆ. ಅವರನ್ನು ವಾರಕ್ಕೆರಡು ದಿನ ಈ ನಾಲ್ಕೂ ಊರುಗಳಿಗೆ ಬರಮಾಡಿಕೊಳ್ಳಬೇಕು, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎದುರು ಕೂರಿಸಿ ಕಲಿಸಬೇಕು, ಫೀ ಕೊಡಲಾಗದ ಮನೆಗಳ ಪರವಾಗಿ ಆ ಫೀಯನ್ನು ಸಮಾಜ ಕೊಡಬೇಕು ಎಂಬುದು ಈ ಲೇಖನದ ವಾದ. ಸಂಗೀತದ ಹೆಸರಲ್ಲಿ ಹಣ ಖರ್ಚಾಗುವುದಿದ್ದರೆ ಉತ್ಸವಕ್ಕೂ ಪುತ್ಥಳಿಗೂ ಮುಂಚೆ ಇದಕ್ಕೆ ಆಗಬೇಕು.

ಪಂಚಾಕ್ಷರಿಯವರ ಕಥೆಯನ್ನು ನಾವು ಸಾಮಾನ್ಯವಾಗಿ ಪವಾಡದಂತೆ ಹೇಳುತ್ತೇವೆ. ಕಣ್ಣಿಲ್ಲದ ಬಡ ಹುಡುಗ ದೈವಕೃಪೆಯಿಂದ ಗವಾಯಿಯಾದ ಎನ್ನುತ್ತೇವೆ. ಹಾಗೆ ಹೇಳುವಾಗ ನಡುವಿನ ಮುಖ್ಯ ಸಂಗತಿ ಬಿಟ್ಟುಹೋಗುತ್ತದೆ. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು, 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದವರು, ಆ ಹುಡುಗನ ಕಂಠವನ್ನು ಗುರುತಿಸಿದರು. ಗುರುತಿಸಿ ಆಶೀರ್ವಾದ ಮಾಡಿ ಕಳಿಸಿಬಿಡಲಿಲ್ಲ. ಬಲ್ಲವರ ಬಳಿ ವರ್ಷಗಟ್ಟಲೆ ಕಲಿಯುವ ಏರ್ಪಾಟು ಮಾಡಿದರು. ಕರ್ನಾಟಕ ಸಂಗೀತವೂ ಆಯಿತು, ಹಿಂದೂಸ್ತಾನಿಯೂ ಆಯಿತು. ಹಿಂದೂಸ್ತಾನಿ ಕಲಿಸಿದ ನೀಲಕಂಠಬುವಾ ಮಿರಜಕರ ಅವರು ಗ್ವಾಲಿಯರ್ ಪರಂಪರೆಯವರು. ಮುಂದೆ ಮಲ್ಲಿಕಾರ್ಜುನ ಮನಸೂರರಿಗೂ ಮಿರಜದಲ್ಲಿ ಅಡಿಪಾಯ ಹಾಕಿಕೊಟ್ಟವರು ಇದೇ ಬುವಾ. ಅಂದರೆ ಹಾನಗಲ್ಲ ಸೀಮೆಯ ಒಂದು ಹಳ್ಳಿಯ ಕಂಠ ಮತ್ತು ಆ ಕಾಲದ ಪಳಗಿದ ಗಾಯಕರ ಕಿವಿ ಒಂದಕ್ಕೊಂದು ಎದುರಾಗುವಂತೆ ಮಾಡಲು ನಡುವೆ ಒಂದು ಮಠ ನಿಂತಿತು, ಖರ್ಚನ್ನು ಹೊತ್ತಿತು. ಅದರ ಫಲ ಒಬ್ಬರಿಗೇ ನಿಲ್ಲಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮ ಬೆಳೆಯಿತು, ಬಸವರಾಜ ರಾಜಗುರು ಬಂದರು, ಪುಟ್ಟರಾಜರು ಬಂದರು, ಪುಟ್ಟರಾಜರ ಬಳಿ 1968ರಿಂದ ಹನ್ನೆರಡು ವರ್ಷ ಕಲಿತ ವೆಂಕಟೇಶಕುಮಾರ್ ಬಂದರು. ಇವರ ಪ್ರತಿಭೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಪ್ರತಿಭೆ ಕಾಡಶೆಟ್ಟಿಹಳ್ಳಿಯಲ್ಲಿ ಇವತ್ತೂ ಹುಟ್ಟುತ್ತಿರಬಹುದು. ಅದರ ಬೆನ್ನಿಗೆ ನಿಲ್ಲುವ ಏರ್ಪಾಟು ಅಲ್ಲಿಲ್ಲ.

ಗಂಗೂಬಾಯಿಯವರ ಕಲಿಕೆ ಇನ್ನೂ ಹೆಚ್ಚು ಪಾಠ ಹೇಳುತ್ತದೆ, ಏಕೆಂದರೆ ಅದು ಮಠದ ಆಶ್ರಯದಲ್ಲಿ ನಡೆದದ್ದಲ್ಲ, ಮನೆಯವರೇ ಹೊಂದಿಸಿಕೊಂಡದ್ದು. ತಾಯಿ ಅಂಬಾಬಾಯಿ ಸ್ವತಃ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳ ಒಲವು ಹಿಂದೂಸ್ತಾನಿಯತ್ತ ಎಂದು ಕಂಡಾಗ ಅವಳ ಕಿವಿಗೆ ಎರಡು ದಾರಿ ಬೆರೆಯಬಾರದೆಂದು ತಾವು ಹಾಡುವುದನ್ನೇ ಬಿಟ್ಟರು. 1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂತು. ಕೃಷ್ಣಾಚಾರ್ಯ ಹುಲಗೂರರ ಬಳಿ ಒಂದು ವರ್ಷದಲ್ಲಿ ಅರವತ್ತು ಚೀಜುಗಳ ಪಾಠವಾಯಿತು; ಆಮೇಲೆ ಫೀ ವಿಷಯಕ್ಕೆ ಮಾತು ಬೆಳೆದು ಪಾಠ ನಿಂತುಹೋಯಿತು. ಮುಂದೆ ಕುಂದಗೋಳದ ಸವಾಯಿ ಗಂಧರ್ವರ ಬಳಿ ಶಿಷ್ಯತ್ವ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಅದೇ ದಿನ ಮರಳುವ ದಿನಚರಿ. ಅರವತ್ತು ಚೀಜುಗಳ ಸಂಗ್ರಹಕ್ಕೆ ತದ್ವಿರುದ್ಧವಾದ ಶಾಲೆ ಇದು. ಒಂದೇ ಸ್ವರಗುಚ್ಛವನ್ನು ಸರಿಯಾಗಿ ಬೀಳುವತನಕ ಹೇಳಿಸುವುದು, ಸರಿಯಾದ ಮೇಲೂ ಮತ್ತೆ ಹೇಳಿಸುವುದು. ಸ್ವರಗಳನ್ನು ಜಿಪುಣ ಹಣ ಬಿಚ್ಚುವಂತೆ ಬಿಚ್ಚಬೇಕೆಂದು ಗುರು ಕಲಿಸಿದರೆಂದು ಅವರು ನಂತರದ ದಿನಗಳಲ್ಲಿ ನೆನೆಯುತ್ತಿದ್ದರು. ಆ ನಿಧಾನದ, ತೂಕದ ಆಲಾಪವನ್ನು ಕೇಳಿದ ಯಾರಿಗೂ ಆ ಮಾತಿನ ಅರ್ಥ ವಿವರಿಸಬೇಕಿಲ್ಲ. ಗಮನಿಸಬೇಕಾದ ಸಂಗತಿ ಇಷ್ಟು: ಅರವತ್ತು ಚೀಜುಗಳನ್ನು ಇವತ್ತು ಯಾವ ಹುಡುಗಿಯೂ ಮೊಬೈಲಿನಿಂದ ಕಲಿಯಬಲ್ಲಳು. ಕುಂದಗೋಳದಲ್ಲಿ ಸಿಕ್ಕಿದ್ದು ಮೊಬೈಲಿನಲ್ಲಿ ಸಿಗುವುದಿಲ್ಲ.

ಏನದು ಕುಂದಗೋಳದಲ್ಲಿ ಸಿಕ್ಕಿದ್ದು? ಒಬ್ಬ ಅನುಭವಿಯ ಎದುರು ಒಬ್ಬಳೇ ಕೂತ ಹುಡುಗಿಯ ನಲವತ್ತೈದು ನಿಮಿಷಗಳನ್ನು ಬಿಡಿಸಿ ನೋಡಿದರೆ ತಿಳಿಯುತ್ತದೆ. ಮೊದಲ ಪ್ರಶ್ನೆ ಶ್ರುತಿಯದು. ಈ ಕಂಠದ ಷಡ್ಜ ಎಲ್ಲಿ? ಕರಿ ಒಂದೋ, ಬಿಳಿ ನಾಲ್ಕೋ? ಹತ್ತು ಮಕ್ಕಳ ತರಗತಿಯಲ್ಲಿ ಪೇಟಿಯ ಒಂದೇ ಮನೆಗೆ ಎಲ್ಲರೂ ಹೊಂದಿಕೊಳ್ಳಬೇಕು. ಕೆಲವರು ಕಿರುಚುತ್ತಾರೆ, ಕೆಲವರು ಗೊಣಗುತ್ತಾರೆ, ಆ ಅಭ್ಯಾಸ ಕಂಠಕ್ಕೆ ಅಂಟಿಕೊಳ್ಳುತ್ತದೆ. ಹನ್ನೆರಡು-ಹದಿನೈದರ ನಡುವೆ ಹುಡುಗರ ದನಿ ಒಡೆಯುವಾಗ ಬಲ್ಲ ಗುರು ಶ್ರುತಿ ಇಳಿಸುತ್ತಾನೆ, ತಾರಸ್ಥಾಯಿ ಬಿಡಿಸುತ್ತಾನೆ, ಬೆಳಗಿನ ಖರಜದ ಅಭ್ಯಾಸಕ್ಕೆ ಹಚ್ಚುತ್ತಾನೆ. ಹೇಳುವವರಿಲ್ಲದ ಹುಡುಗ ಆಗಲೇ ತನಗಿನ್ನು ಹಾಡು ಒಲಿಯದು ಎಂದುಕೊಂಡು ಬಿಟ್ಟುಬಿಡುತ್ತಾನೆ. ಎರಡನೆಯದು ಸ್ವರದ ನೆಲೆ. ತೋಡಿಯ ಗಾಂಧಾರ ಪೇಟಿಯ ಮನೆಯಲ್ಲಿ ಸಿಗುವ ಕೋಮಲ ಗಾಂಧಾರಕ್ಕಿಂತ ತುಸು ಕೆಳಗೆ ಕೂರುತ್ತದೆ. ದರ್ಬಾರಿಯ ಗಾಂಧಾರ ಒಂದು ಕಡೆ ನಿಲ್ಲದೆ ತೂಗುತ್ತದೆ. ಇವನ್ನು ಬರೆದು ಕೊಡಲಾಗದು. ತಂಬೂರಿಯ ನಾದದಲ್ಲಿ ಗುರು ಹಾಡಿ ತೋರಿಸಬೇಕು, ಶಿಷ್ಯೆ ಹಾಡಬೇಕು, ‘ಇನ್ನೂ ಸ್ವಲ್ಪ ಕೆಳಗೆ’ ಎಂದು ಆ ಕ್ಷಣದಲ್ಲೇ ಹೇಳಬೇಕು. ಎರಡು ಕ್ಷಣ ತಡವಾದರೆ ತಿದ್ದಿದ್ದು ಏನನ್ನೆಂದು ಕಂಠಕ್ಕೇ ಮರೆತುಹೋಗಿರುತ್ತದೆ. ಮೂರನೆಯದನ್ನು ವೇದಿಕೆ ಕಂಡವರು ಮಾತ್ರ ಕಲಿಸಬಲ್ಲರು. ಗಂಟಲು ಕಟ್ಟಿದ ದಿನ ಯಾವ ರಾಗ ಎತ್ತಿಕೊಳ್ಳಬೇಕು, ತಬಲಾದವರ ಲಯ ಓಡತೊಡಗಿದರೆ ಹೇಗೆ ಹಿಡಿದು ತರಬೇಕು, ಸಮಕ್ಕೆ ಬರುವ ಮುಂಚೆ ಉಸಿರನ್ನು ಎಲ್ಲಿ ಉಳಿಸಿಕೊಳ್ಳಬೇಕು, ಎಲ್ಲಿ ನಿಲ್ಲಿಸಬೇಕು. ನೂರು ಬೈಠಕ್‌ಗಳಲ್ಲಿ ಎಡವಿ ಕಲಿತದ್ದನ್ನು ಹಾಡುಗಾರ ಹುಡುಗಿಗೆ ಮುಂಚಿತವಾಗಿ ದಾಟಿಸುತ್ತಾನೆ.

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ. ಯೂಟ್ಯೂಬಿನಲ್ಲಿ ಭೀಮಸೇನ ಜೋಶಿಯವರಿದ್ದಾರೆ, ರಾಜಗುರು ಇದ್ದಾರೆ, ಪಲ್ಟಾಗಳನ್ನು ಹಂತಹಂತವಾಗಿ ಹೇಳಿಕೊಡುವ ನೂರಾರು ವಿಡಿಯೊಗಳಿವೆ, ಸ್ವರ ತಪ್ಪಿದರೆ ಗೆರೆ ಎಳೆದು ತೋರಿಸುವ ಆ್ಯಪ್‌ಗಳಿವೆ; ಹೀಗಿರುವಾಗ ಹಿರೇಕೆರೂರಿಗೆ ಗಾಯಕರನ್ನು ಕರೆತರುವ ಉಸಾಬರಿ ಯಾಕೆ? ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಒಂದು ಕಾಲಕ್ಕೆ ಕೆಲವೇ ಮನೆಗಳ ಗ್ರಾಮಾಫೋನಿನಲ್ಲಿ ಸಿಗುತ್ತಿದ್ದ ಸಂಗೀತ ಇವತ್ತು ಕುರಿ ಕಾಯುವ ಹುಡುಗನ ಕಿಸೆಯಲ್ಲಿದೆ, ಇದು ದೊಡ್ಡ ಲಾಭ. ಪಾಠವನ್ನು ಫೋನಿನಲ್ಲಿ ಮುದ್ರಿಸಿಕೊಂಡು ವಾರವಿಡೀ ಕೇಳಿ ರಿಯಾಜ್ ಮಾಡುವ ಅನುಕೂಲ ಗಂಗೂಬಾಯಿಯವರ ಕಾಲದಲ್ಲಿ ಇರಲಿಲ್ಲ. ಆದರೆ ವಿಡಿಯೊ ಹಾಡುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಆ್ಯಪ್ ಸ್ವರ ಇಳಿದಿದೆ ಎನ್ನುತ್ತದೆ. ಯಾಕೆ ಇಳಿಯಿತು ಎನ್ನುವುದಿಲ್ಲ. ದವಡೆ ಬಿಗಿಯಾಗಿತ್ತೇ, ಉಸಿರು ಮುಗಿದಿತ್ತೇ, ಸ್ವರ ಕಿವಿಗೇ ಸರಿಯಾಗಿ ಬಿದ್ದಿರಲಿಲ್ಲವೇ, ಅಥವಾ ಮಗು ಹೆದರಿತ್ತೇ? ಒಂದೇ ತಪ್ಪಿನ ಹಿಂದೆ ನಾಲ್ಕು ಕಾರಣ, ನಾಲ್ಕಕ್ಕೂ ಬೇರೆ ಬೇರೆ ಮದ್ದು. ಕರೋಕೆಯ ಅಪಾಯ ಇನ್ನೂ ಸೂಕ್ಷ್ಮ. ಅಲ್ಲಿ ಶ್ರುತಿಯೂ ಲಯವೂ ಮೊದಲೇ ನಿಗದಿಯಾಗಿರುತ್ತವೆ. ಮಗು ಇನ್ನೊಬ್ಬರ ಕಂಠದ ಅಳತೆಗೆ ತನ್ನ ಕಂಠವನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ಹೊಂದಿಸುತ್ತದೆ. ಟಿವಿ ಸ್ಪರ್ಧೆಗಳ ಮೂರು ನಿಮಿಷದ ಹಾಡಿಗೆ ಅಷ್ಟು ಸಾಕಾದೀತು. ಮೂವತ್ತು ವರ್ಷ ಹಾಡಬೇಕಾದ ಗಂಟಲಿಗೆ ಸಾಲದು.

ಇನ್ನೊಂದು ಆಕ್ಷೇಪ ಭಾವನೆಯದು, ಹಾಗಾಗಿ ಹೆಚ್ಚು ಗಟ್ಟಿಯಾದದ್ದು. ವಿದ್ಯೆಗೆ ಬೆಲೆ ಕಟ್ಟಬಾರದು, ಗಂಟೆಯ ಲೆಕ್ಕದ ಪಾಠದಲ್ಲಿ ಗುರುಭಕ್ತಿ ಎಲ್ಲಿ ಉಳಿಯಿತು ಎನ್ನುವವರು ನಮ್ಮಲ್ಲಿ ಬಹಳ. ಸವಣೂರಿನ ವೀಳ್ಯದೆಲೆಯ ಮೇಲೆ ಒಂದು ರೂಪಾಯಿ ಇಟ್ಟು ನಮಸ್ಕರಿಸಿದರೆ ಸಾಕಲ್ಲವೇ ಎನ್ನುತ್ತಾರೆ. ಆದರೆ ಉಚಿತವಾದ ವಿದ್ಯೆ ನಮ್ಮ ಚರಿತ್ರೆಯಲ್ಲಿ ಇತ್ತೇ? ಅರಮನೆ ಕೊಟ್ಟಿತು, ಮಠ ಕೊಟ್ಟಿತು, ನಾಟಕ ಕಂಪನಿ ಕೊಟ್ಟಿತು. ಶಿಷ್ಯ ಕೊಡದಿದ್ದಾಗ ಬೇರೆ ಯಾರೋ ಕೊಟ್ಟರು. ಎಲ್ಲಿ ಯಾರೂ ಹಣ ಕೊಡಲಿಲ್ಲವೋ ಅಲ್ಲಿ ಶಿಷ್ಯ ಮೈಮುರಿದು ಕೊಟ್ಟ. ಭೀಮಸೇನರು ಕುಂದಗೋಳದ ಗುರುಮನೆಗೆ ನೀರು ಹೊತ್ತದ್ದನ್ನು ಹೆಮ್ಮೆಯಿಂದ ಹೇಳುತ್ತೇವೆ, ಅವರ ನಿಷ್ಠೆಗೆ ಅದು ಸಾಕ್ಷಿಯೂ ಹೌದು. ಆದರೆ ಶಾಲೆಗೆ ಹೋಗಬೇಕಾದ ಇಂದಿನ ಮಗುವಿನಿಂದ ನಾವು ಅದನ್ನು ಬಯಸಬಾರದು. ಫೀಗೆ ಒಂದು ಮಿತಿ ಇದೆ, ಸೇವೆಗೆ ಮಿತಿ ಇಲ್ಲ. ಇಷ್ಟು ಹಣ, ಇಷ್ಟು ಹೊತ್ತು ಎಂದು ಗೊತ್ತಾದಾಗ ಬಡವರ ಮಗಳೂ ಗುರುವಿನ ಎದುರು ತಲೆ ಎತ್ತಿ ಕೂರಬಲ್ಲಳು, ಅರ್ಥವಾಗದ್ದನ್ನು ಕೇಳಬಲ್ಲಳು. ಹುಲಗೂರರ ಫೀ ಜಗಳವನ್ನು ಅಪಸ್ವರವೆಂದು ಪಕ್ಕಕ್ಕೆ ಸರಿಸುವುದು ಸುಲಭ. ನನಗೆ ಅದರಲ್ಲಿ ಕಾಣುವುದು ಬೇರೆ: ಕಲಿಸುವವರ ಹೊಟ್ಟೆಯ ಪ್ರಶ್ನೆಯೂ ಕಲಿಯುವ ಮನೆಯ ಕೈಯ ಅಳತೆಯೂ ಎದುರಾಬದುರಾದಾಗ ನಡುವೆ ನಿಲ್ಲಲು ಮೂರನೆಯವರು ಅಲ್ಲಿರಲಿಲ್ಲ. ಹಳ್ಳಿಗಳಿಗಂತೂ ಈ ವ್ಯವಹಾರ ಹೊಸದಲ್ಲ. ಜಾತ್ರೆಗೆ ನಾಟಕ ಆಡಬೇಕೆಂದರೆ ಊರವರು ಪಟ್ಟಿ ಎತ್ತಿ ಪೇಟಿ ಮಾಸ್ತರರನ್ನು ಗೊತ್ತು ಮಾಡುತ್ತಾರೆ; ಅವರು ಊರಲ್ಲೇ ಉಳಿದು ರಂಗಗೀತೆಗಳನ್ನು ಕಲಿಸಿ, ಮಾತಾಡಿದ ಹಣ ಪಡೆದು ಹೋಗುತ್ತಾರೆ. ಅದರಿಂದ ಮಾಸ್ತರರ ಮೇಲಿನ ಗೌರವ ಎಳ್ಳಷ್ಟೂ ಕಡಿಮೆಯಾಗಿಲ್ಲ.

ಒಳ್ಳೆಯ ಹಾಡುಗಾರರೆಲ್ಲ ಒಳ್ಳೆಯ ಗುರುಗಳೇ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಅಲ್ಲ. ತಮಗೆ ತಾನಾಗಿ ಒಲಿದದ್ದನ್ನು ಬಿಡಿಸಿ ಹೇಳಲಾರದವರಿದ್ದಾರೆ. ಮಗುವಿಗೆ ಕಲಿಸುವ ಬದಲು ಅದರ ಮುಂದೆ ತಾವೇ ಹಾಡಿ ಎದ್ದುಹೋಗುವವರಿದ್ದಾರೆ. ಹೆಸರು ನೋಡಿ ಕರೆದರೆ ಹಣವೂ ಹೋಯಿತು, ವರ್ಷವೂ ಹೋಯಿತು. ಅದಕ್ಕೆ ಪರಿಹಾರ ವೇದಿಕೆಯ ಅನುಭವವನ್ನು ಬಿಟ್ಟುಕೊಡುವುದಲ್ಲ, ಆಯ್ಕೆಯಲ್ಲಿ ಎಚ್ಚರವಾಗಿರುವುದು. ಗುರುಗಳು ಎಷ್ಟು ಪ್ರಶಸ್ತಿ ಪಡೆದರು ಎಂಬುದಕ್ಕಿಂತ ಅವರ ಶಿಷ್ಯರು ಹೇಗೆ ಹಾಡುತ್ತಾರೆ ಎಂದು ಕೇಳಿ ನಿರ್ಧರಿಸಬೇಕು. ಆರು ತಿಂಗಳಾದ ಮೇಲೆ ಮಕ್ಕಳ ಹಾಡು ಕೇಳಿ ಮುಂದುವರಿಸಬೇಕು. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಬೇಡವೆಂದೂ ನಾನು ಹೇಳುವುದಿಲ್ಲ. ಅವು ಶಾಸ್ತ್ರವನ್ನು ಒಂದು ಕ್ರಮಕ್ಕೆ ತಂದವು, ಯಾರ ಮನೆಯ ಮಗುವಾದರೂ ಪ್ರಮಾಣಪತ್ರ ಪಡೆಯುವಂತೆ ಮಾಡಿದವು. 1901ರಲ್ಲಿ ಲಾಹೋರಿನಲ್ಲಿ ಪಲುಸ್ಕರರು ಗಾಂಧರ್ವ ಮಹಾವಿದ್ಯಾಲಯ ತೆರೆದಾಗ ಇದ್ದ ಆಸೆಯೂ ಸಂಗೀತದ ಬಾಗಿಲು ಎಲ್ಲರಿಗೂ ತೆರೆಯಲಿ ಎಂಬುದೇ. ಆದರೆ ಪರೀಕ್ಷೆ ಅಳೆಯುವುದು ರಾಗಗಳ ಸಂಖ್ಯೆಯನ್ನು. ಒಂದು ವರ್ಷದಲ್ಲಿ ಹತ್ತಾರು ರಾಗಗಳನ್ನು ಮುಟ್ಟಿ ಬಂದ ಹುಡುಗಿ ಯಮನಿನಲ್ಲಿ ಇಪ್ಪತ್ತು ನಿಮಿಷ ನಿಲ್ಲಲಾರಳು. ನಿಲ್ಲುವುದನ್ನು ಕಲಿಸಲು ತಾನೇ ನಿಂತು ಬಂದವರು ಬೇಕು.

ಒಬ್ಬ ಗುರು, ಒಂದು ಮಗು, ಒಂದು ಕೋಣೆ ಎಂದಾಗ ತಂದೆತಾಯಂದಿರ ಎದೆಯಲ್ಲಿ ಏಳುವ ಭಯವನ್ನೂ ಮುಚ್ಚಿಡಬಾರದು. ಆ ಭಯ ನಿರಾಧಾರವಲ್ಲ. ಗುರುವಿನ ಪಾದದ ಹೆಸರಲ್ಲಿ ಮಕ್ಕಳು ಅನುಭವಿಸಿದ ಹಿಂಸೆಯನ್ನು ನಾವು ಬಹಳ ಕಾಲ ಪರಂಪರೆ ಎಂದು ಮುಚ್ಚಿಕೊಂಡು ಬಂದೆವು. 2012ರ ಪೋಕ್ಸೊ ಕಾಯ್ದೆ ಸಂಗೀತದ ಕೋಣೆಗೂ ಅನ್ವಯಿಸುತ್ತದೆ. ಪಾಠ ಯಾರ ಮನೆಯಲ್ಲೂ ಬೇಡ, ಸಾರ್ವಜನಿಕ ಕಟ್ಟಡದಲ್ಲಿ ನಡೆಯಲಿ, ಬಾಗಿಲು ತೆರೆದಿರಲಿ, ತಾಯಿಯೋ ಅಜ್ಜಿಯೋ ಮುಂದಿನ ಸರದಿಯ ಮಗುವೋ ಒಳಗೇ ಕೂತಿರಲಿ. ಇದರಿಂದ ಪಾಠದ ಏಕಾಗ್ರತೆ ಕೆಡುವುದಿಲ್ಲ. ಕೂತು ಕೇಳುವ ಮಗು ಇನ್ನೊಬ್ಬರ ತಪ್ಪಿನಿಂದ ಕಲಿಯುತ್ತದೆ, ಮನೆಗಳ ಪಡಸಾಲೆಯ ತಾಲೀಮು ಯಾವತ್ತೂ ಹೀಗೇ ಇತ್ತು. ಆಯ್ಕೆಯಲ್ಲಿ ಜಾತಿ, ಮನೆತನ, ಶಿಫಾರಸು ನುಸುಳದಂತೆ ನೋಡಿಕೊಳ್ಳುವುದೂ ಇದೇ ಎಚ್ಚರದ ಭಾಗ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದ ಬಾಲಕಿ ಗಂಗೂಬಾಯಿ ಊಟದ ಹೊತ್ತಿಗೆ ತನ್ನನ್ನು ಎಲೆ ಎತ್ತಲು ಹೇಳಿಯಾರೇ ಎಂದು ಅಂಜಿದ್ದರು. ಹಾಡಲು ಕರೆದವರ ಮನೆಯಲ್ಲಿ ಎಲ್ಲಿ ಕೂರಬೇಕೆಂದು ಯಾವ ಮಗುವೂ ಅಂಜಬಾರದು.

ಇದೆಲ್ಲ ಶಾಸ್ತ್ರೀಯ ಸಂಗೀತದ ಮಾತಾಯಿತು, ನಮ್ಮ ಮಣ್ಣಿನ ಹಾಡಿಗೆ ಏನು ಎಂದು ಕೇಳುವವರಿಗೆ ನನ್ನ ಉತ್ತರ: ಅನುಭವಿ ಹಾಡುಗಾರ ಎಂದರೆ ಖಯಾಲ್ ಹಾಡುವವರು ಮಾತ್ರವಲ್ಲ. ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ಶರೀಫರ ತತ್ವಪದಗಳನ್ನು ಏಕತಾರಿ ಹಿಡಿದು ಇರುಳಿಡೀ ಹಾಡಬಲ್ಲವರು, ಸಣ್ಣಾಟದ ಮೇಳದಲ್ಲಿ ಮುಪ್ಪಾದವರು, ಗೀಗೀ ಪದದ ಸೊಲ್ಲು ಎತ್ತಿದರೆ ಬಯಲನ್ನೇ ತುಂಬುವವರು, ಕಂಪನಿ ನಾಟಕದಲ್ಲಿ ಮೈಕಿಲ್ಲದೆ ಹಿಂದಿನ ಸಾಲಿಗೆ ಹಾಡು ಮುಟ್ಟಿಸಿದವರು, ಇವರೂ ಅಷ್ಟೇ ದೊಡ್ಡ ಗುರುಗಳು. ಇವರ ವಿದ್ಯೆಗೆ ಅಪಾಯವೂ ಹೆಚ್ಚು, ಏಕೆಂದರೆ ಅದಕ್ಕೆ ಪಠ್ಯವಿಲ್ಲ, ಪರೀಕ್ಷೆಯಿಲ್ಲ; ವ್ಯಕ್ತಿಯೊಂದಿಗೆ ಹೊರಟುಹೋಗುತ್ತದೆ. ಶರೀಫರಿಗೂ ಕಳಸದ ಗೋವಿಂದಭಟ್ಟರ ಎದುರು ಕೂತ ಮೇಲೆಯೇ ದಾರಿ ತೆರೆದದ್ದು. ಹಿರೇಕೆರೂರಿನ ಹುಡುಗನೊಬ್ಬ ತತ್ವಪದ ಕಲಿಯಬಯಸಿದರೆ ಅವನನ್ನು ಯಮನ್ ಕಲಿತು ಬಾ ಎಂದು ತಿರುಗಿಸಬೇಕಿಲ್ಲ. ಪದದ ಗುರುವಿಗೂ ಖಯಾಲಿನ ಗುರುವಿಗೂ ಒಂದೇ ಗೌರವಧನ ಸಲ್ಲಬೇಕು. ಜಾನಪದ ವಿಶ್ವವಿದ್ಯಾಲಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಇದೆ. ಪದವಿ, ಸಂಶೋಧನೆ, ದಾಖಲಾತಿಗಳ ಜೊತೆಗೆ ಸುತ್ತಲ ಹಳ್ಳಿಯ ಮಕ್ಕಳನ್ನು ಹಿರಿಯ ಹಾಡುಗಾರರೊಂದಿಗೆ ಜೋಡಿಸುವ ಕೆಲಸಕ್ಕೆ ಅದಕ್ಕಿಂತ ಹತ್ತಿರದ ಸಂಸ್ಥೆ ಬೇಡ.

ಹಣದ ಮಾತು ಉಳಿಯಿತು. ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ತಲಾ ಹನ್ನೆರಡು ಮಕ್ಕಳು ಎಂದಿಟ್ಟುಕೊಳ್ಳಿ. ಮಗುವಿಗೆ ವಾರಕ್ಕೆ 45 ನಿಮಿಷ ಎಂದರೆ ಒಂದು ಊರಿನಲ್ಲಿ ಒಂಬತ್ತು ಗಂಟೆ, ಅಂದರೆ ಎರಡು ದಿನದ ಕೆಲಸ. ದಿನಕ್ಕೆ 4,000 ರೂಪಾಯಿ ಗೌರವಧನದಂತೆ ವರ್ಷಕ್ಕೆ ನಲವತ್ತು ವಾರ ನಡೆಸಿದರೆ ನಾಲ್ಕೂ ಊರುಗಳಿಗೆ ಸೇರಿ 12,80,000 ರೂಪಾಯಿ. ಒಂದು ಉತ್ಸವದ ಪೆಂಡಾಲು, ದೀಪ, ಧ್ವನಿವರ್ಧಕದ ಬಿಲ್ಲುಗಳನ್ನು ನೋಡಿ ಬಲ್ಲವರು ಈ ಮೊತ್ತವನ್ನು ತೂಗಿ ನೋಡಲಿ. ನಲವತ್ತೆಂಟೇ ಮಕ್ಕಳೇ ಎಂದು ಯಾರಾದರೂ ಕೇಳಬಹುದು. ಹೌದು, ನಲವತ್ತೆಂಟೇ. ನಾಲ್ಕು ನೂರು ಮಾಡಲು ಹೊರಟರೆ ಅದು ಮತ್ತೆ ಪೇಟಿಯ ಮುಂದಿನ ಸಾಮೂಹಿಕ ತರಗತಿಯಾಗುತ್ತದೆ. ಎಲ್ಲ ಮಕ್ಕಳಿಗೂ ಶಾಲೆಯಲ್ಲಿ ಹಾಡು ಸಿಗಬೇಕು, ಅದು ಬೇರೆ ಹೋರಾಟ, ನಡೆಯಲೇಬೇಕಾದದ್ದು. ಕೇಂದ್ರದ ವಲಯ ಸಾಂಸ್ಕೃತಿಕ ಕೇಂದ್ರಗಳಲ್ಲಿ ಗುರು-ಶಿಷ್ಯ ಪರಂಪರೆಯ ಯೋಜನೆ ಇದೆ, ಆದರೆ ಅದರ ಅವಧಿ ತಿಂಗಳುಗಳ ಲೆಕ್ಕದ್ದು; ಕಂಠ ಪಕ್ವವಾಗುವುದು ವರ್ಷಗಳ ಲೆಕ್ಕದಲ್ಲಿ. ಹುಬ್ಬಳ್ಳಿಯಲ್ಲಿ ಗಂಗೂಬಾಯಿಯವರ ಹೆಸರಿನ ಗುರುಕುಲ ಇದೆ, ಅಲ್ಲಿ ಶಿಷ್ಯರು ಗುರುಗಳ ಬಳಿಯೇ ಉಳಿದು ಕಲಿಯುತ್ತಾರೆ. ಮನೆ ಬಿಟ್ಟು ಹೋಗಬಲ್ಲ ಹದಿಹರೆಯದವರಿಗೆ ಅದು ವರ. ಮನೆ ಬಿಡಲಾಗದ ಎಂಟು-ಹತ್ತು ವರ್ಷದವರಿಗೆ, ಸಂಜೆಯಾದರೆ ಹೊರಗೆ ಕಳಿಸದ ಮನೆಯ ಹೆಣ್ಣುಮಕ್ಕಳಿಗೆ ಗುರುವೇ ಊರಿಗೆ ಬರಬೇಕು. ದೂರವೂ ಮಹಾ ಅಲ್ಲ. ಗಂಗೂಬಾಯಿ ಕುಂದಗೋಳಕ್ಕೆ ಹೋಗುತ್ತಿದ್ದ ಅದೇ ರೈಲುಮಾರ್ಗ ಮುಂದೆ ಸವಣೂರು ತಾಲ್ಲೂಕಿನ ಯಲವಿಗಿಗೆ ಬರುತ್ತದೆ. ಶಿಗ್ಗಾವಿ ಹೆದ್ದಾರಿಯ ಮೇಲಿದೆ. ಹಾನಗಲ್ಲಿಗೂ ಹಿರೇಕೆರೂರಿಗೂ ಬಸ್ಸುಗಳಿವೆ.

ಶುರು ಮಾಡಲು ಹೊಸ ಕಟ್ಟಡವೂ ಬೇಡ. ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಖಾಲಿ ಬಿದ್ದಿರುವ ಶಾಲಾ ಕೋಣೆ ನಾಲ್ಕೂ ಊರುಗಳಲ್ಲಿ ಸಿಗುತ್ತದೆ. ಬಸ್‌ಸ್ಟ್ಯಾಂಡಿನ ಗದ್ದಲದಿಂದ ದೂರವಿರುವ ಕೋಣೆಯನ್ನು ಆರಿಸಬೇಕು ಅಷ್ಟೇ. ಹುಬ್ಬಳ್ಳಿಯಿಂದ ಮಿರಜಕ್ಕೆ ರೈಲಿದೆ. ತಂಬೂರಿ ಮಾಡುವವರು ಅಲ್ಲಿ ಇನ್ನೂ ಸೋರೆಬುರುಡೆ ಒಣಗಿಸಿ, ಕೊರೆದು, ಜವಾರಿ ತೀಡುತ್ತಿದ್ದಾರೆ. ಒಂದೊಂದು ಊರಿಗೆ ಒಂದರಂತೆ ನಾಲ್ಕು ತಂಬೂರಿಗಳನ್ನು ಈ ವರ್ಷವೇ ಹೇಳಿ ಮಾಡಿಸಬೇಕು; ಹುಡುಗಿಯರ ಶ್ರುತಿಗೆ ಎರಡು, ಹುಡುಗರ ಶ್ರುತಿಗೆ ಎರಡು, ಬೇಕಾದಾಗ ಊರಿಂದೂರಿಗೆ ಬದಲಾಯಿಸಿಕೊಳ್ಳುವಂತೆ.